ಗೇಮಿಂಗ್ ಪಿಸಿಗೆ ರೈಜನ್ 5 7600 ಪ್ರೊಸೆಸರ್ ತಗೊಂಡಿದ್ದೇನೆ, ಯಾವ ಮದರ್‌ಬೋರ್ಡ್ ಸರಿ?

7600ಗೆ ಎಎಂ5 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಬೋರ್ಡೇ ಬೇಕು, ಅದರಲ್ಲಿ ಡಿಡಿಆರ್5 ರ‍್ಯಾಮ್ ಮಾತ್ರ ಕೂರುತ್ತದೆ, ಹಳೇ ಡಿಡಿಆರ್4 ಇದ್ದರೆ ಮಾರಿಬಿಡಿ. ಬಿ650 ಚಿಪ್‌ಸೆಟ್ ಧಾರಾಳವಾಗಿ ಸಾಕು. ಎಕ್ಸ್670ಗೆ ಸುಮ್ನೆ ಜಾಸ್ತಿ ದುಡ್ಡು ಸುರಿಯಬೇಡಿ, ಆ ಹಣವನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕಿದರೆ ಗೇಮಿನಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಸಾಕೆಟ್ ಪಕ್ಕದ ವಿಆರ್‌ಎಂ (ಪ್ರೊಸೆಸರಿಗೆ ಕರೆಂಟನ್ನು ಹದಮಾಡಿ ಕೊಡುವ ಭಾಗ) ಮೇಲೆ ದಪ್ಪ ಹೀಟ್‌ಸಿಂಕ್ ಇರಲಿ. ಹಿಂಭಾಗದಲ್ಲಿ ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದ್ದರಂತೂ ಬಿಡಲೇಬೇಡಿ, ಮುಂದೆ 9000 ಸರಣಿಯ ಪ್ರೊಸೆಸರ್ ಹಾಕುವಾಗ ಬಯೋಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಬೇಕಾದರೆ ಪೆನ್‌ಡ್ರೈವ್‌ನಿಂದಲೇ ಮಾಡಬಹುದು, ಪ್ರೊಸೆಸರ್ ಕೂರಿಸಿರಲೇಬೇಕು ಅಂತಿಲ್ಲ. ವೈಫೈ ಬೇಕಾದರೆ ಅದಿರುವ ಮಾಡೆಲ್ಲೇ ಕೇಳಿ.

ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಕೊಳ್ಳುವುದಾದರೆ ಬಿಲ್ ಮಾಡಿಸುವ ಮುಂಚೆ ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳ ತೆಗೆಸಿ, ಮೊಬೈಲ್ ಟಾರ್ಚ್ ಹಿಡಿದು ನೋಡಿ. ಎಎಂ5ನಲ್ಲಿ ಪಿನ್‌ಗಳಿರುವುದು ಬೋರ್ಡಿನಲ್ಲೇ ಅಲ್ವಾ, ಒಂದು ಬಾಗಿದ್ದರೂ ಬೇರೆ ಪೀಸ್ ಕೊಡಿ ಅನ್ನಿ.