ಕೂಸು ಹುಟ್ಟುವ ಮೊದಲೇ ಕುಲಾವಿ: ಇನ್ನೂ ಬಾರದ ಬೋರ್ಡಿಗೆ ಏನೇನು ತಯಾರಿ?

ಪ್ರಶ್ನೆ: ಸರ್, ಅಂಗೈಯಗಲದ ಹೊಸ ಸಿಂಗಲ್ ಬೋರ್ಡ್ ಕಂಪ್ಯೂಟರ್ (ಇಡೀ ಕಂಪ್ಯೂಟರ್ ಒಂದೇ ಸರ್ಕ್ಯೂಟ್ ಬೋರ್ಡಿನ ಮೇಲೆ) ಒಂದು ಇನ್ನು ಕೆಲವೇ ವಾರಗಳಲ್ಲಿ ಬರಲಿದೆಯಂತೆ. ಬೆಲೆ ನಂಬಲಾಗದಷ್ಟು ಕಡಿಮೆ. ದಿನಕ್ಕೆ ಹತ್ತು ಸಲ ಅದರ ಫೋಟೊ ನೋಡುತ್ತೇನೆ. ಅದೇ ಅಳತೆಗೆ ಒಂದು ರಟ್ಟಿನ ತುಂಡು ಕತ್ತರಿಸಿ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಮನೆಯವರು ‘ಕೂಸು ಹುಟ್ಟುವ ಮುಂಚೆ ಕುಲಾವಿ’ ಅಂತ ನಗುತ್ತಾರೆ. ಮೊದಲ ದಿನವೇ ಬುಕ್ ಮಾಡಲಾ, ಕಾಯಲಾ? ಜೊತೆಗೆ ಬೇಕಾಗುವ ಸಾಮಾನು ಈಗಲೇ ಕೊಂಡಿಟ್ಟುಕೊಳ್ಳಬೇಕಾ?

ಉತ್ತರ: ಮೊದಲಿಗೆ, ಆ ರಟ್ಟಿನ ತುಂಡು ಎಸೆಯಬೇಡಿ. ಅದಕ್ಕೆ ಕೆಲಸ ಇದೆ, ಆಮೇಲೆ ಹೇಳುತ್ತೇನೆ.

ಈ ಹುಚ್ಚು ನಿಮಗೊಬ್ಬರಿಗೇ ಹಿಡಿದದ್ದಲ್ಲ. 2011ರ ಮೇ ತಿಂಗಳಲ್ಲಿ ಬ್ರಿಟನ್ನಿನ ಗೇಮ್ ಡಿಸೈನರ್ ಡೇವಿಡ್ ಬ್ರೇಬೆನ್ ಪೆನ್ ಡ್ರೈವ್ ಗಾತ್ರದ ಬೋರ್ಡೊಂದನ್ನು ಬಿಬಿಸಿ ವರದಿಗಾರರಿಗೆ ತೋರಿಸಿದರು. ಒಂದು ತುದಿಗೆ ಯುಎಸ್‌ಬಿ, ಇನ್ನೊಂದು ತುದಿಗೆ ಎಚ್‌ಡಿಎಂಐ, ಅಷ್ಟೇ. ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲಿ ಅಂತ ಮಾಡುತ್ತಿದ್ದೇವೆ, ಬೆಲೆ 25 ಡಾಲರ್ ಸುಮಾರು ಎಂದರು. ಅದೇ ರಾಸ್ಪ್‌ಬೆರಿ ಪೈ. ವಿಡಿಯೊ ಹೊರಬಿದ್ದದ್ದೇ ತಡ, ಮಕ್ಕಳಿಗಿಂತ ಜಾಸ್ತಿ ದೊಡ್ಡವರೇ ಕಾಯೋಕೆ ಶುರು ಮಾಡಿದರು. 2012ರ ಜನವರಿಯಲ್ಲಿ ಹತ್ತು ಪರೀಕ್ಷಾ ಬೋರ್ಡುಗಳನ್ನು ಇಬೇಯಲ್ಲಿ ಹರಾಜಿಗೆ ಇಟ್ಟಾಗ ಒಂದನೇ ನಂಬರಿನದು 3,500 ಪೌಂಡಿಗೆ ಹೋಯಿತು. ಹಣ ಹೋಗಿದ್ದು ಪೈ ಮಾಡುತ್ತಿದ್ದ ಧರ್ಮದತ್ತಿ ಸಂಸ್ಥೆಗೆ, ಸರಿ. ಆದರೂ 35 ಡಾಲರಿನ ಸಾಮಾನಿಗೆ ಅಷ್ಟು! ನಿಮ್ಮ ರಟ್ಟಿನ ತುಂಡು ಇದರ ಮುಂದೆ ಏನೂ ಅಲ್ಲ ಬಿಡಿ.

ಮುಂದಿನ ಕಥೆಯೇ ನಿಮ್ಮ ಪ್ರಶ್ನೆಗೆ ಉತ್ತರ. 2012ರ ಫೆಬ್ರವರಿ 29, ಬ್ರಿಟನ್ನಿನಲ್ಲಿ ಬೆಳಗ್ಗೆ ಆರು ಗಂಟೆ. ಮಾರಾಟಕ್ಕೆ ಒಪ್ಪಿಕೊಂಡಿದ್ದ ಎರಡು ಕಂಪನಿಗಳ ವೆಬ್‌ಸೈಟುಗಳೂ ಜನರ ನೂಕುನುಗ್ಗಲಿಗೆ ಮಲಗಿಬಿಟ್ಟವು. ಮೊದಲ ಕಂತಿನಲ್ಲಿ ಇದ್ದದ್ದೇ ಹತ್ತು ಸಾವಿರ ಬೋರ್ಡು. ಮಾರ್ಚ್‌ನಲ್ಲಿ ಇನ್ನೊಂದು ಸುದ್ದಿ ಬಂತು: ಕಾರ್ಖಾನೆಯಲ್ಲಿ ನೆಟ್‌ವರ್ಕ್ ಕೇಬಲಿನ ಜಾಕ್ ತಪ್ಪಾಗಿ ಕೂತಿದೆ. ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುವ ಜಾಕ್ ಹಾಕಬೇಕಿತ್ತು, ಅದಿಲ್ಲದ್ದನ್ನು ಹಾಕಿದ್ದರು. ಎಲ್ಲ ಬಿಚ್ಚಿ ಬದಲಿಸಬೇಕಾಯಿತು. ಅದು ಮುಗಿಯುವಷ್ಟರಲ್ಲಿ ಯುರೋಪಿನಲ್ಲಿ ಮಾರಲು ಪಾಸಾಗಬೇಕಾದ ಸಿಇ ಪರೀಕ್ಷೆ ಅಡ್ಡ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಹಾಗೆ, ಮೊದಲ ಬೋರ್ಡುಗಳು ಜನರ ಮನೆ ತಲುಪುವಾಗ ಏಪ್ರಿಲ್ ಆಗಿತ್ತು. ಬಹಳ ಜನ ಇನ್ನೂ ತಿಂಗಳುಗಟ್ಟಲೆ ಕಾದರು.

ಇನ್ನೊಂದು ವಿಷಯ. ಎಲ್ಲರ ತಲೆಯಲ್ಲಿ ಕೂತಿದ್ದು 25 ಡಾಲರ್. ಮೊದಲ ದಿನ ಮಾರಿದ್ದು 35 ಡಾಲರಿನ ಬಿ ಮಾಡೆಲ್. 25ರದ್ದು ಬಂದಿದ್ದು 2013ರ ಫೆಬ್ರವರಿಯಲ್ಲಿ. ವಿಡಿಯೊದಲ್ಲಿ ಕಂಡ ಪೆನ್ ಡ್ರೈವ್ ಆಕಾರವಂತೂ ಮಾರಾಟಕ್ಕೆ ಬರಲೇ ಇಲ್ಲ, ಬಂದದ್ದು ಕ್ರೆಡಿಟ್ ಕಾರ್ಡ್ ಅಗಲದ್ದು. ಆದ್ದರಿಂದ ನೀವು ಕಾಯುತ್ತಿರುವ ಬೋರ್ಡಿನ ಪ್ರಕಟಣೆಯಲ್ಲಿ ‘ಇಷ್ಟರಿಂದ ಶುರು’ ಅಂತ ಇದ್ದರೆ, ಆ ‘ಇಷ್ಟರ’ ಮಾಡೆಲ್ ಯಾವಾಗ ಬರುತ್ತದೆ ಅಂತ ಹುಡುಕಿ ಓದಿ.

ಹಾಗಾದರೆ ಬುಕ್ ಮಾಡಬೇಕಾ ಬೇಡವಾ? ನಾನು ಬೋರ್ಡಿಗಿಂತ ಮೊದಲು ಸಾಫ್ಟ್‌ವೇರ್ ನೋಡುತ್ತೇನೆ. ಡೌನ್‌ಲೋಡ್‌ಗೆ ಸಿಸ್ಟಮ್ ಇಮೇಜ್ (ಇಡೀ ಆಪರೇಟಿಂಗ್ ಸಿಸ್ಟಮ್ ಇರುವ ಫೈಲ್) ಈಗಲೇ ಸಿಗುತ್ತಿದೆಯಾ? ಚಿಪ್ ಯಾವುದು, ಅದಕ್ಕೆ ಮೂಲ ಲಿನಕ್ಸ್ ಕರ್ನಲ್‌ನಲ್ಲೇ (ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮಿನ ತಿರುಳು) ಬೆಂಬಲ ಇದೆಯಾ, ಇಲ್ಲ ಕಂಪನಿಯವರು ಕೊಟ್ಟ ಹಳೇ ಕರ್ನಲ್ಲಿಗೇ ಜೋತುಬೀಳಬೇಕಾ? ಈ ಎರಡಕ್ಕೆ ಸರಿಯಾದ ಉತ್ತರ ಸಿಕ್ಕರೆ ಧೈರ್ಯವಾಗಿ ಬುಕ್ ಮಾಡಿ. ಸಿಗದಿದ್ದರೆ ಎರಡನೇ ಕಂತಿನವರೆಗೆ ಕಾಯಿರಿ. 2015ರಲ್ಲಿ ‘ಚಿಪ್’ ಅನ್ನುವ 9 ಡಾಲರಿನ ಬೋರ್ಡಿಗೆ, ಹೊಸ ಯೋಜನೆಗೆ ಜನರಿಂದ ಮುಂಗಡ ಹಣ ಎತ್ತುವ ಕಿಕ್‌ಸ್ಟಾರ್ಟರ್ ವೆಬ್‌ಸೈಟಿನಲ್ಲಿ ಜನ 20 ಲಕ್ಷ ಡಾಲರಿಗೂ ಹೆಚ್ಚು ಸುರಿದರು. ಬೋರ್ಡು ಬಂತು, ಚೆನ್ನಾಗೂ ಇತ್ತು. ಆದರೆ 2018ರಲ್ಲಿ ಕಂಪನಿ ಮುಚ್ಚಿತು. ಆಮೇಲೆ ಇಮೇಜುಗಳನ್ನು ಉಳಿಸಿಕೊಂಡಿದ್ದು ಬಳಕೆದಾರರೇ.

ಇನ್ನು ಕುಲಾವಿ. ಕೇಸ್ ಮಾತ್ರ ಈಗ ಬೇಡವೇ ಬೇಡ. ಮೊದಲ ಪೈಗೆ ಸ್ಕ್ರೂ ಹಾಕುವ ತೂತುಗಳೇ ಇರಲಿಲ್ಲ, ನಂತರದ ಆವೃತ್ತಿಯಲ್ಲಿ ಬಂದವು. ಪೈ 4ರಲ್ಲಿ ನೆಟ್‌ವರ್ಕ್ ಜಾಕೂ ಯುಎಸ್‌ಬಿಯೂ ಜಾಗ ಅದಲುಬದಲು ಮಾಡಿಕೊಂಡವು. ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಕೇಸ್ ಕಸವೇ. ಒಳ್ಳೇ ಮೆಮೊರಿ ಕಾರ್ಡ್, ಬೆಸುಗೆ ಇಲ್ಲದೆ ಬಿಡಿಭಾಗ ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡ್, ನಾಲ್ಕು ಎಲ್‌ಇಡಿ, ಒಂದಿಷ್ಟು ರೆಸಿಸ್ಟರ್, ಒಂದು ಮಲ್ಟಿಮೀಟರ್: ಇವು ಹೆಚ್ಚುಕಡಿಮೆ ಯಾವ ಬೋರ್ಡ್ ಬಂದರೂ ಬೇಕಾಗುತ್ತವೆ, ಧಾರಾಳವಾಗಿ ತಗೊಳ್ಳಿ.

ಮಲ್ಟಿಮೀಟರ್ ಯಾಕೆ ಅಂದರೆ, ನನ್ನ ಮೊದಲ ಪೈ ಕೀಬೋರ್ಡ್ ಚುಚ್ಚಿದ ಕೂಡಲೇ ರೀಸ್ಟಾರ್ಟ್ ಆಗುತ್ತಿತ್ತು. ಬೋರ್ಡೇ ಕೆಟ್ಟಿದೆ ಅಂತ ಎರಡು ದಿನ ಬೈದುಕೊಂಡೆ. ಆ ಬೋರ್ಡಿನ ಮೇಲೆ ಟಿಪಿ1, ಟಿಪಿ2 ಅಂತ ಎರಡು ಪುಟ್ಟ ಬಿಂದುಗಳಿವೆ, ವೋಲ್ಟೇಜ್ ಅಳೆಯಲೆಂದೇ ಬಿಟ್ಟದ್ದು. ಮೀಟರಿನ ಮೊನೆ ಇಟ್ಟು ನೋಡಿದರೆ 4.6 ವೋಲ್ಟ್. ಕನಿಷ್ಠ 4.75 ಇರಬೇಕು. ತಪ್ಪು ಬೋರ್ಡಿನದ್ದೂ ಅಲ್ಲ, ಚಾರ್ಜರಿನದ್ದೂ ಅಲ್ಲ. ಎಲ್ಲೋ ಬಿದ್ದಿದ್ದ ತೆಳ್ಳನೆಯ ಫೋನ್ ಕೇಬಲ್ ಹಾಕಿದ್ದೆ. ದಾರಿಯಲ್ಲೇ ವೋಲ್ಟೇಜ್ ಇಳಿಯುತ್ತಿತ್ತು. ಗಿಡ್ಡ, ದಪ್ಪ ಕೇಬಲ್ ಹಾಕಿದೆ, ಎಲ್ಲ ಸರಿಹೋಯಿತು. ನೀವೂ ಚಾರ್ಜರ್ ಕೊಳ್ಳುವ ಮೊದಲು ಎಷ್ಟು ಆಂಪಿಯರ್, ಯಾವ ಪಿನ್ ಅಂತ ತಯಾರಕರು ಅಧಿಕೃತವಾಗಿ ಹೇಳಲಿ. ಪೈ 4ಕ್ಕೆ 3 ಆಂಪಿಯರ್ ಸಾಕು, ಪೈ 5ಕ್ಕೆ 5 ಆಂಪಿಯರಿನದ್ದು ಅಂತ ಬದಲಾಯಿತು. ಊಹೆ ಮೇಲೆ ಕೊಂಡವರಿಗೆ ಎರಡು ಸಲ ಖರ್ಚು.

ಈಗ ರಟ್ಟಿನ ತುಂಡು. ಅದರ ಮೇಲೆ ಯಾವ ಜಾಕ್ ಎಲ್ಲಿ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ. ಮನೆಯಲ್ಲಿರುವ ಎಚ್‌ಡಿಎಂಐ, ನೆಟ್‌ವರ್ಕ್, ಪವರ್ ಕೇಬಲ್‌ಗಳ ತುದಿ ತಂದು ಅಲ್ಲಲ್ಲಿ ಇಟ್ಟು ನೋಡಿ. ಬೋರ್ಡಿನ ನಾಲ್ಕು ಪಟ್ಟು ಜಾಗ ಕೇಬಲ್ಲೇ ತಿನ್ನುತ್ತದೆ! ಗಟ್ಟಿ ಎಚ್‌ಡಿಎಂಐ ಕೇಬಲ್ ಹಗುರ ಬೋರ್ಡನ್ನು ಮೇಜಿನಿಂದ ಎತ್ತಿಬಿಡುವುದೂ ಉಂಟು. ಫೋಟೊ ನೋಡುವಾಗ ಇದು ಯಾರಿಗೂ ಹೊಳೆಯುವುದಿಲ್ಲ.

ಉಳಿದ ವಾರಗಳಲ್ಲಿ ಫೋಟೊ ನೋಡುವ ಬದಲು ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಶುರು ಮಾಡಿ. ಪೈ ಹೆಸರಿನ ‘ಪೈ’ ಬಂದದ್ದೇ ಪೈಥಾನ್‌ನಿಂದ. ಆಗ ಕಾಯುತ್ತಿದ್ದವರಲ್ಲಿ ಎಷ್ಟೋ ಜನ ಕ್ಯೂಇಎಂಯು ಅನ್ನುವ ಎಮ್ಯುಲೇಟರಿನಲ್ಲಿ (ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಅನುಕರಿಸುವ ಸಾಫ್ಟ್‌ವೇರ್) ಪೈ ಚಿಪ್ಪಿನ ಜಾತಿಯಾದ ಎಆರ್‌ಎಂಗೆ ಮಾಡಿದ ಲಿನಕ್ಸ್ ಓಡಿಸಿ ಕೈ ಪಳಗಿಸಿಕೊಂಡಿದ್ದರು. ಆ ಎಮ್ಯುಲೇಟರ್ ಈಗಲೂ ಉಚಿತ.

ಪ್ರಶ್ನೆ: ಇಂಥ ಬೋರ್ಡ್ ಬಂದರೆ ಮಾಮೂಲಿ ಕಂಪ್ಯೂಟರ್ ಬೇಕಾಗಲ್ಲ ಅಲ್ವಾ?

ಉತ್ತರ: ಬೇಕಾಗುತ್ತದೆ. ಮೊದಲ ಪೈ ತಯಾರಿಸಿದವರು ಇದನ್ನು ಮುಚ್ಚಿಡಲಿಲ್ಲ. 700 ಮೆಗಾಹರ್ಟ್ಸ್ ಅಂತಿದ್ದರೂ ವೇಗ ಸುಮಾರು 300 ಮೆಗಾಹರ್ಟ್ಸ್ ಪೆಂಟಿಯಮ್ 2ರಷ್ಟೇ, ಗ್ರಾಫಿಕ್ಸ್ ಮಾತ್ರ ಅದಕ್ಕಿಂತ ಎಷ್ಟೋ ಮೇಲು ಎಂದೇ ಹೇಳಿದ್ದರು. ಈಗಿನ ಬೋರ್ಡುಗಳು ಅದರ ಎಷ್ಟೋ ಪಟ್ಟು ಮುಂದೆ ಹೋಗಿವೆ. ಆದರೂ ತೀರಾ ಅಗ್ಗದ್ದರಲ್ಲಿ ಮೆಮೊರಿ ಕಡಿಮೆ, ಬ್ರೌಸರಿನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಏದುಸಿರು. ಅದಕ್ಕೆ ಒಂದೇ ಒಂದು ಕೆಲಸ ಕೊಡಿ: ಫೈಲ್ ಸರ್ವರ್, ಹಾಡಿನ ಪೆಟ್ಟಿಗೆ, ಹೀಗೆ. ಚೆನ್ನಾಗಿ ಮಾಡುತ್ತದೆ.

ಪ್ರಶ್ನೆ: ಆರ್ಡುಯಿನೊ (ಸೆನ್ಸರ್, ಎಲ್‌ಇಡಿ ಇತ್ಯಾದಿ ನಡೆಸುವ ಪುಟ್ಟ ಬೋರ್ಡ್) ಈಗಾಗಲೇ ಇದೆ. ಅದರ ಸೆನ್ಸರುಗಳನ್ನು ಹೊಸ ಬೋರ್ಡಿಗೆ ಹಾಗೇ ಜೋಡಿಸಬಹುದಾ?

ಉತ್ತರ: ನಿಲ್ಲಿ, ಇದೊಂದು ನೋಡಿಕೊಂಡು ಮಾಡಿ. ಆರ್ಡುಯಿನೊ ಊನೊದ ಪಿನ್‌ಗಳು 5 ವೋಲ್ಟಿನವು. ಪೈಯವು 3.3 ವೋಲ್ಟಿನವು. ಈ ಜಾತಿಯ ಬಹುತೇಕ ಬೋರ್ಡುಗಳೂ ಹಾಗೇ. ಪಿನ್ನಿಗೆ ನೇರ 5 ವೋಲ್ಟ್ ಕೊಟ್ಟರೆ ಹೊಗೆ ಗಿಗೆ ಏನೂ ಬರದೆಯೇ ಸುಮ್ನೆ ಸತ್ತುಹೋಗಬಹುದು. ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಸೆನ್ಸರ್ ನಿಮ್ಮ ಹತ್ತಿರ ಇರಬಹುದು. ಅದರ ಎಕೊ ಪಿನ್ 5 ವೋಲ್ಟ್ ಕೊಡುತ್ತದೆ. ಎಕೊದಿಂದ 1 ಕಿಲೊಓಮ್ ರೆಸಿಸ್ಟರ್ ಹಾಕಿ ಬೋರ್ಡಿನ ಪಿನ್ನಿಗೆ ತನ್ನಿ. ಅದೇ ಪಿನ್ನಿನಿಂದ ಗ್ರೌಂಡಿಗೆ 2 ಕಿಲೊಓಮ್ ಹಾಕಿ. ಪಿನ್ನಿಗೆ ಬರುವುದು ಮೂರರಲ್ಲಿ ಎರಡು ಪಾಲು, ಅಂದರೆ ಸುಮಾರು 3.3 ವೋಲ್ಟ್. ಬೋರ್ಡಿಗೆ ಜೋಡಿಸುವ ಮೊದಲು ಬರೀ 5 ವೋಲ್ಟ್ ಕೊಟ್ಟು, ಎರಡು ರೆಸಿಸ್ಟರ್ ಸೇರುವಲ್ಲಿ ಮೀಟರ್ ಹಿಡಿದು ಒಮ್ಮೆ ನೋಡಿಕೊಳ್ಳಿ.