ಜೋಡಿ ರೆನ್ ಹಕ್ಕಿಗಳ ಹಾಡು ಒಂದೇ ಹಕ್ಕಿಯದೆಂಬಂತೆ ಕೇಳಿಸುವುದೇಕೆ?

ಅವು ಒಟ್ಟಿಗೆ ಹಾಡುವುದಿಲ್ಲ, ಸರದಿಯಲ್ಲಿ ಹಾಡುತ್ತವೆ. ಅದೂ ಕಿವಿಗೆ ಸಂದು ಸಿಗದಷ್ಟು ವೇಗವಾಗಿ. ಈಕ್ವೆಡಾರ್ ಸುತ್ತಿನ ಆಂಡಿಸ್ ಇಳಿಜಾರಿನ ಬಿದಿರುಮೆಳೆಗಳಲ್ಲಿರುವ ಪ್ಲೇನ್-ಟೇಲ್ಡ್ ರೆನ್ ಎಂಬ ಕಂದು ಹಕ್ಕಿ ಇದರಲ್ಲಿ ನಿಸ್ಸೀಮ. ಹೆಣ್ಣು ಒಂದು ತುಣುಕು, ಗಂಡು ಮರುತುಣುಕು, ಮತ್ತೆ ಹೆಣ್ಣು. ಒಂಟಿಯಾಗಿ ಹಾಡಿದರೆ ಗುಟ್ಟು ಬಯಲು: ಸಂಗಾತಿಯ ಪಾಲಿನ ಜಾಗ ಖಾಲಿ ಬಿಟ್ಟೇ ಹಾಡುತ್ತದೆ.

ಕೀಲಿ ಕಿವಿಯಲ್ಲಿದೆ. ಸಂಗಾತಿಯ ದನಿ ಕೇಳಿದೊಡನೆ, ಮಿದುಳಿನಲ್ಲಿ ಹಾಡನ್ನು ಹೊರಡಿಸುವ ನರಕೋಶಗಳಿಗೆ ಕ್ಷಣಕಾಲ ತಡೆ ಬೀಳುತ್ತದೆ (2021ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ತೋರಿಸಿತು). ತಡೆ ಸಡಿಲವಾದಾಗ ತನ್ನ ಸರದಿ. ಹಾಗಾಗಿ ಇದು ಬರೀ ಬಾಯಿಪಾಠವಲ್ಲ, ಜುಗಲ್‌ಬಂದಿಯಂತೆ ಪ್ರತಿ ಕ್ಷಣವೂ ಕೇಳಿ ಕೊಡುವ ಉತ್ತರ. ಒಂದನ್ನೊಂದು ಕಾಣಲಾಗದ ದಟ್ಟ ಮೆಳೆಯಲ್ಲಿ ಜೋಡಿಗಳಿಗೆ ದನಿಯೇ ಆಸರೆ.