ಬೆಳಗ್ಗೆ ಸ್ಕೂಬಾ, ಮಧ್ಯಾಹ್ನ ವಿಮಾನ: ಹೀಗೂ ಹನಿಮೂನ್ ಪ್ಲಾನ್ ಮಾಡ್ತಾರಾ?

ಅಂಡಮಾನ್ ಹನಿಮೂನ್ ಬಗ್ಗೆ ನನಗೆ ಬರುವ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಊರು ಬೇರೆ, ಮದುವೆ ತಾರೀಖು ಬೇರೆ, ಎಡವಟ್ಟು ಮಾತ್ರ ಅದೇ. ಹದಿನಾಲ್ಕು ವರ್ಷದಿಂದ ಹೊಸ ಜೋಡಿಗಳಿಗೆ ಟಿಕೆಟ್, ರೂಮು ಮಾಡಿಕೊಡುವ ಕೆಲಸ ನನ್ನದು. ಈ ಸಲ ಒಂದೇ ಪತ್ರಕ್ಕೆ ಉದ್ದ ಉತ್ತರ ಕೊಡುತ್ತೇನೆ. ಬ್ಯಾಗಿಗೆ ಏನೇನು ತುಂಬಬೇಕು, ಟಿಕೆಟ್ ಯಾವಾಗ ಮಾಡಿಸಬೇಕು ಅಂತೆಲ್ಲ ಹೇಳುವುದಿಲ್ಲ. ಅಷ್ಟು ನಿಮಗೇ ಗೊತ್ತು.

ಪ್ರಶ್ನೆ: ಮೇ 25ಕ್ಕೆ ನನ್ನ ಮದುವೆ. 29ಕ್ಕೆ ಬೆಂಗಳೂರಿನಿಂದ ಅಂಡಮಾನ್‌ಗೆ ಹೊರಡುತ್ತೇವೆ. ನಾಲ್ಕು ರಾತ್ರಿ, ಐದು ದಿನ. ಪೋರ್ಟ್ ಬ್ಲೇರ್ ಜೊತೆಗೆ ಬಾರಾಟಾಂಗ್, ನೀಲ್, ಹ್ಯಾವ್‌ಲಾಕ್ ದ್ವೀಪಗಳು, ನಾಲ್ಕನ್ನೂ ಏಜೆಂಟ್ ಸೇರಿಸಿದ್ದಾರೆ. ಕೊನೆಯ ದಿನ ಬೆಳಗ್ಗೆ 6ಕ್ಕೆ ಹ್ಯಾವ್‌ಲಾಕ್‌ನಲ್ಲಿ ಸ್ಕೂಬಾ, ಆಮೇಲೆ ಹಡಗು, ಮಧ್ಯಾಹ್ನ 2ಕ್ಕೆ ವಿಮಾನ. ಆಷಾಢ ಬರುವುದರೊಳಗೆ ಹೋಗಿಬನ್ನಿ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ಪ್ಲಾನ್ ಸರಿ ಇದೆಯಾ ಮೇಡಂ?

ಉತ್ತರ: ಇಲ್ಲ. ಯಾವ ದಿನವೂ ಸರಿ ಇಲ್ಲ.

ಕೊನೆಯ ದಿನದಿಂದಲೇ ಶುರು ಮಾಡೋಣ. ಅದು ಬರೀ ಎಡವಟ್ಟಲ್ಲ, ಅಪಾಯ. ಸ್ಕೂಬಾ ಅಂದರೆ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಮುಳುಗುವುದು. ನೀರೊಳಗೆ 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ಎರಡರಷ್ಟಾಗುತ್ತದೆ. ಆ ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯಲ್ಲಿನ ನೈಟ್ರೋಜನ್ ಮಾಮೂಲಿಗಿಂತ ಜಾಸ್ತಿ ರಕ್ತಕ್ಕೆ, ಮಾಂಸಖಂಡಕ್ಕೆ ಸೇರುತ್ತದೆ. ಮೇಲೆ ಬಂದ ಮೇಲೆ ಅದು ನಿಧಾನವಾಗಿ ಹೊರಗೆ ಹೋಗಬೇಕು, ಗಂಟೆಗಟ್ಟಲೆ ಬೇಕು. ಅಷ್ಟರೊಳಗೆ ವಿಮಾನ ಹತ್ತಿದರೆ ಏನಾಗುತ್ತದೆ? ಕ್ಯಾಬಿನ್ನಿನ ಒಳಗಿನ ಗಾಳಿ ನೆಲದ ಮಟ್ಟದ್ದಲ್ಲ, ಸುಮಾರು ಎರಡು ಸಾವಿರ ಮೀಟರ್ ಎತ್ತರದ ಬೆಟ್ಟದ ಮೇಲಿನ ಹಾಗೆ ತೆಳು. ಒತ್ತಡ ಇಳಿದ ಕೂಡಲೇ ಉಳಿದ ನೈಟ್ರೋಜನ್ ಮೈಯೊಳಗೇ ಗುಳ್ಳೆ ಕಟ್ಟಬಹುದು. ಕೀಲುನೋವಿನಿಂದ ಹಿಡಿದು ಲಕ್ವ ಹೊಡೆದ ಹಾಗೆ ಕೈಕಾಲು ಸೋಲುವವರೆಗೂ ಹೋಗಬಹುದು. ಅದಕ್ಕೇ ಒಂದೇ ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಜಾಸ್ತಿ ಸಲವಾದರೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು ಅಂತ ನಿಯಮ. ನಾನು ನನ್ನವರಿಗೆ 24 ಅಂತಲೇ ಹೇಳುತ್ತೇನೆ. "ಅರ್ಧ ಗಂಟೆಯ ಸ್ಕೂಬಾಗೆ ಅದೆಲ್ಲ ಲೆಕ್ಕ ಇಲ್ಲ" ಅನ್ನುವ ಏಜೆಂಟ್‌ಗೆ ದುಡ್ಡು ಕೊಡಬೇಡಿ.

ಸ್ಕೂಬಾ ಬಿಟ್ಟರೂ ಆ ದಿನ ಕೆಲಸಕ್ಕೆ ಬರುವುದಿಲ್ಲ. ಹ್ಯಾವ್‌ಲಾಕ್ ಇರುವುದು ಪೋರ್ಟ್ ಬ್ಲೇರ್‌ನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ನಡುವೆ ಇರುವುದು ಸಮುದ್ರ. ಬಸ್ ತಪ್ಪಿದರೆ ಟ್ಯಾಕ್ಸಿ ಹಿಡಿಯುತ್ತೇನೆ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಗಾಳಿ ಜೋರಾದರೆ ಹಡಗು ನಿಲ್ಲಿಸುತ್ತಾರೆ, ಅಷ್ಟೇ. 2016ರ ಡಿಸೆಂಬರ್ ನೆನಪಿದೆಯಾ? ಆಮೇಲೆ ವರ್ದಾ ಆದ ಚಂಡಮಾರುತ ಆಗಿನ್ನೂ ಅಂಡಮಾನ್ ಪಕ್ಕದಲ್ಲೇ ಕಟ್ಟುತ್ತಿತ್ತು. ಹ್ಯಾವ್‌ಲಾಕ್, ನೀಲ್‌ಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಬಿದ್ದರು. ಕೊನೆಗೆ ನೌಕಾಪಡೆಯ ಹಡಗುಗಳೇ ಹೋಗಬೇಕಾಯಿತು. ಅದು ಒಳ್ಳೆಯ ಸೀಸನ್ ಅಂತ ಎಲ್ಲರೂ ಹೋಗುವ ತಿಂಗಳು! ನಾನೂ ಒಮ್ಮೆ ಜೂನ್‌ನಲ್ಲಿ ಹ್ಯಾವ್‌ಲಾಕ್ ಜೆಟ್ಟಿಯಲ್ಲಿ ಎರಡು ದಿನ ಸೂಟ್‌ಕೇಸ್ ಮೇಲೆ ಕೂತಿದ್ದೆ. ವಿಮಾನದ ದುಡ್ಡು ಹೋಯಿತು. ಅವತ್ತಿನಿಂದ ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲಿ ಕಳೆಯದವರಿಗೆ ನಾನು ಬುಕಿಂಗೇ ಮಾಡುವುದಿಲ್ಲ.

ಈಗ ತಾರೀಖು. ಮಂಗಳೂರಿಗೆ ಮಳೆಗಾಲ ಕಾಲಿಡುವುದು ಜೂನ್ ಮೊದಲ ವಾರ ಅಲ್ವಾ, ಹಾಗಾಗಿ ಮೇ ಕೊನೆ ಇನ್ನೂ ಬೇಸಿಗೆ ಅಂತ ನೀವು ಅಂದುಕೊಂಡಿದ್ದೀರಿ. ಮುಂಗಾರು ನಮಗಿಂತ ಮೊದಲು ಮುಟ್ಟುವುದು ಅಂಡಮಾನನ್ನೇ. ಮಾಮೂಲಿಯಾಗಿ ಮೇ 20ರ ಆಸುಪಾಸು. ನೀವು ಇಳಿಯುವ ಹೊತ್ತಿಗೆ ಅಲೆ ಎದ್ದಿರುತ್ತದೆ, ನೀರು ಕದಡಿರುತ್ತದೆ. ಸ್ಕೂಬಾ ನಡೆದರೂ ಹವಳ ಮಸುಕು ಮಸುಕು. ದುಡ್ಡು ಮಾತ್ರ ಪೂರ್ತಿ.

ಆಷಾಢದಲ್ಲಿ ಹುಡುಗಿ ತವರಿಗೆ ಹೋಗುತ್ತಾಳೆ, ಸರಿ. ಶ್ರಾವಣದಲ್ಲೂ ಅಂಡಮಾನ್‌ನಲ್ಲಿ ಮಳೆಯೇ, ಅದೂ ಸರಿ. ಆದರೆ ಮದುವೆಯಾದ ಮೊದಲ ತಿಂಗಳಲ್ಲೇ ಹೋಗದಿದ್ದರೆ ಅದು ಹನಿಮೂನ್ ಅಲ್ಲ ಅಂತ ಯಾವ ಪಂಚಾಂಗದಲ್ಲಿ ಬರೆದಿದೆ? ಜನವರಿಯಿಂದ ಏಪ್ರಿಲ್ ಒಳಗೆ ಹೋಗಿ. ಸಮುದ್ರ ಶಾಂತ, ನೀರು ತಿಳಿ. ಮದುವೆ, ಸತ್ಯನಾರಾಯಣ ಪೂಜೆ, ಬೀಗರ ಊಟ ಮುಗಿಸಿ ನಾಲ್ಕನೇ ದಿನಕ್ಕೆ ವಿಮಾನ ಹತ್ತಿದವರು ಮೊದಲ ಎರಡು ದಿನ ರೂಮಿನಲ್ಲಿ ನಿದ್ದೆ ಮಾಡುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಿದ್ದೆಗೆ ನಿಮ್ಮೂರೇ ಸಾಕಲ್ಲ.

ಐದೇ ದಿನ ರಜೆ ಇದ್ದರೆ ಬಾರಾಟಾಂಗ್ ಬಿಡಿ. ಸುಣ್ಣದ ಕಲ್ಲಿನ ಗುಹೆ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲಿಗೆ ಹೋಗುವ ದಾರಿಯಲ್ಲಿ ಗಾಡಿಗಳನ್ನು ಗುಂಪುಗುಂಪಾಗಿ ಕಾಡಿನೊಳಗೆ ಬಿಡುತ್ತಾರೆ, ಮೊದಲ ಗುಂಪು ಸಿಗಬೇಕಾದರೆ ಮೂರು, ನಾಲ್ಕು ಗಂಟೆಗೇ ಏಳಬೇಕು. ಹನಿಮೂನಿನಲ್ಲಿ ಯಾಕಪ್ಪಾ ಈ ಶಿಕ್ಷೆ? ನೀಲ್ ಕೂಡ ಬಿಡಿ. ಮೊದಲ ದಿನ ಪೋರ್ಟ್ ಬ್ಲೇರ್, ಸಂಜೆ ಸೆಲ್ಯುಲರ್ ಜೈಲು. ಎರಡನೇ ದಿನ ಹ್ಯಾವ್‌ಲಾಕ್. ಮೂರನೇ ದಿನ ಬೆಳಗ್ಗೆ ಸ್ಕೂಬಾ, ಮಧ್ಯಾಹ್ನ ರಾಧಾನಗರ ಬೀಚ್. ನಾಲ್ಕನೇ ದಿನ ವಾಪಸ್ ಪೋರ್ಟ್ ಬ್ಲೇರ್. ಐದನೇ ದಿನ ವಿಮಾನ.

ರಾಧಾನಗರಕ್ಕೆ ಮೂರೂವರೆಯೊಳಗೆ ಹೋಗಿ. ಅಂಡಮಾನ್ ನಮಗಿಂತ ಎಷ್ಟೋ ಪೂರ್ವಕ್ಕಿದೆ, ಗಡಿಯಾರ ಮಾತ್ರ ನಮ್ಮದೇ. ಚಳಿಗಾಲದಲ್ಲಿ ಐದು ಗಂಟೆ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ. ಬೆಂಗಳೂರಿನ ಲೆಕ್ಕದಲ್ಲಿ ಆರಕ್ಕೆ ಸೂರ್ಯಾಸ್ತ ನೋಡಲು ಹೊರಟವರು ಟಾರ್ಚ್ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ.

ಇನ್ನೊಂದು ಮಾತು, ಇದನ್ನು ಯಾವ ಏಜೆಂಟೂ ಹೇಳುವುದಿಲ್ಲ. ರೂಮ್ ಬುಕ್ ಮಾಡುವಾಗ ತೋರಿಸುವ ನೀಲಿ ನೀರಿನ ಫೋಟೊ ಭರತದ, ಅಂದರೆ ಸಮುದ್ರದ ನೀರು ಏರಿದ ಹೊತ್ತಿನದು. ಹ್ಯಾವ್‌ಲಾಕ್‌ನ ಪೂರ್ವದ ದಡದಲ್ಲಿ, ನೀಲ್‌ನಲ್ಲಿ ಇಳಿತ ಬಂದಾಗ ನೀರು ದೂರ ಸರಿದು ಬರೀ ಕಲ್ಲು, ಸತ್ತ ಹವಳ ಕಾಣುತ್ತದೆ. ಕಾಲಿಟ್ಟರೆ ಕೊಯ್ಯುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಈ ಏರಿಳಿತ ಇನ್ನೂ ಜಾಸ್ತಿ. ಮದುವೆಗೆ ಮುಹೂರ್ತ ನೋಡುತ್ತೀರಿ, ಇದಕ್ಕೂ ಒಮ್ಮೆ ಭರತ ಇಳಿತದ ಪಟ್ಟಿ ನೋಡಿ. ಇಂಟರ್‌ನೆಟ್‌ನಲ್ಲಿ ಸುಮ್ನೆ ಸಿಗುತ್ತದೆ.

ಪ್ರಶ್ನೆ: ಹ್ಯಾವ್‌ಲಾಕ್ ಕೇಳಿದರೆ ಟಿಕೆಟ್‌ನಲ್ಲಿ ಸ್ವರಾಜ್ ದ್ವೀಪ ಅಂತ ಬಂದಿದೆ. ಮೋಸ ಹೋದೆವಾ?

ಉತ್ತರ: ಇಲ್ಲ, 2018ರಲ್ಲೇ ಹೆಸರು ಬದಲಾಗಿದೆ, ನೀಲ್ ಈಗ ಶಹೀದ್ ದ್ವೀಪ, 2024ರಿಂದ ಪೋರ್ಟ್ ಬ್ಲೇರ್ ಶ್ರೀ ವಿಜಯ ಪುರಂ.

ಪ್ರಶ್ನೆ: ಬಾರಾಟಾಂಗ್‌ನ ಕಾಡಿನ ದಾರಿಯಲ್ಲಿ ಜಾರವಾ ಬುಡಕಟ್ಟಿನ ಜನರನ್ನು ತೋರಿಸುತ್ತೇನೆ ಅಂತ ಡ್ರೈವರ್ ಹೇಳಿದ್ದಾನೆ. ಬಿಸ್ಕತ್ತು ಕೊಡಬಹುದಾ?

ಉತ್ತರ: ಅವರೇನು ಮೃಗಾಲಯದಲ್ಲಿದ್ದಾರಾ? ಗಾಡಿ ನಿಲ್ಲಿಸುವುದು, ಫೋಟೊ ತೆಗೆಯುವುದು, ತಿಂಡಿ ಕೊಡುವುದು ಎಲ್ಲ ಅಪರಾಧ, ಜೈಲೂ ಆಗಬಹುದು. ನಮ್ಮ ಮಾಮೂಲಿ ಕಾಯಿಲೆಗಳೂ ಅವರಿಗೆ ಮಾರಿ. 1999ರಲ್ಲಿ ಅವರಲ್ಲಿ ದಡಾರ ಹರಡಿತ್ತು. ಡ್ರೈವರ್ ಬದಲಾಯಿಸಿ.

ಪ್ರಶ್ನೆ: ನನಗೆ ಈಜು ಬರುವುದಿಲ್ಲ, ಸ್ವಲ್ಪ ಅಸ್ತಮಾ ಇದೆ. ಫಾರಂನಲ್ಲಿ ಎಲ್ಲದಕ್ಕೂ "ಇಲ್ಲ" ಅಂತ ಬರೆಯಿರಿ, ಒಂದು ಪೆಗ್ ಹಾಕಿದರೆ ಭಯ ಹೋಗುತ್ತೆ ಅಂತ ಪರಿಚಯದವರು ಹೇಳಿದರು.

ಉತ್ತರ: ಈಜು ಬಾರದಿದ್ದರೆ ಪರವಾಗಿಲ್ಲ, ಕೈ ಹಿಡಿದುಕೊಂಡೇ ಕರೆದೊಯ್ಯುತ್ತಾರೆ. ಅಸ್ತಮಾ ಮುಚ್ಚಿಟ್ಟು ಇಳಿಯುವುದು ಮಾತ್ರ ಸುಮ್ನೆ ಸಾವನ್ನು ಕರೆದ ಹಾಗೆ. ಮೊದಲು ನಿಮ್ಮ ಡಾಕ್ಟರ್ ಹತ್ತಿರ ಹೋಗಿ. ನೆಗಡಿ ಆಗಿ ಕಿವಿ ಕಟ್ಟಿದ್ದರೂ ಇಳಿಯಬೇಡಿ. ಪೆಗ್ ಹಾಕಿಸುವ ಆ ಪಂಡಿತರನ್ನು ಒಮ್ಮೆ ನನ್ನ ಹತ್ತಿರ ಕಳಿಸಿ.

ಪ್ರಶ್ನೆ: ಹೊಸ ಮಾಂಗಲ್ಯ ತೆಗೆಯಬಾರದು ಅಂತ ಅತ್ತೆ ಹೇಳಿದ್ದಾರೆ. ನೀರಿಗೆ ಇಳಿಯಬಹುದಾ?

ಉತ್ತರ: ಅರಿಶಿನದ ದಾರದಲ್ಲಿ ಕಟ್ಟಿಕೊಂಡು ಸೂಟಿನ ಒಳಗೆ ಸೇರಿಸಿಕೊಳ್ಳಿ, ಅತ್ತೆಗೂ ಸಮಾಧಾನ. ಎರಡೆಳೆ ಸರ, ಗಾಜಿನ ಬಳೆ ರೂಮಿನಲ್ಲಿರಲಿ. ಗಂಡನ ಉಂಗುರವನ್ನೂ ಬಿಚ್ಚಿಸಿಡಿ. ನೀರಿನಲ್ಲಿ ಬೆರಳು ತಣ್ಣಗಾಗಿ ಸಣ್ಣಗಾಗುತ್ತದೆ, ಉಂಗುರ ಜಾರಿದ್ದು ಗೊತ್ತೇ ಆಗುವುದಿಲ್ಲ.

ಪ್ರಶ್ನೆ: ಬೀಚಿನಲ್ಲಿ ಸಿಕ್ಕ ಚಿಪ್ಪು, ಹವಳ ನಾದಿನಿಗೆ ತರಬಹುದಾ?

ಉತ್ತರ: ಬೇಡ, ವನ್ಯಜೀವಿ ಕಾಯಿದೆ ಇದೆ, ಏರ್‌ಪೋರ್ಟಿನಲ್ಲಿ ಬ್ಯಾಗ್ ಬಿಚ್ಚಿಸುತ್ತಾರೆ.

ಪ್ರಶ್ನೆ: ಬೀಚಿನಲ್ಲಿ ಕ್ಯಾಂಡಲ್ ಲೈಟ್ ಡಿನ್ನರ್ ಐದು ಸಾವಿರ ಅಂತೆ. ತಗೊಳ್ಳಬಹುದಾ?

ಉತ್ತರ: ನಿಮ್ಮಿಷ್ಟ. ಗಾಳಿಗೆ ಮೇಣದಬತ್ತಿ ನಿಲ್ಲುವುದಿಲ್ಲ, ಮರಳಿನ ನೊಣ ಕಾಲು ಬಿಡುವುದಿಲ್ಲ. ಪ್ಯಾಂಟ್ ಹಾಕಿಕೊಂಡು ಹೋಗಿ.